ಒಳಗಿನ ಚಿಲಕ

ಹೋದ ತಿಂಗಳು ವಿಜಯವಾಡದ ಭವಾನಿಪುರಂನಲ್ಲಿ, ಮಗಳ ಮನೆಯಲ್ಲಿ, ಬಾರ್ಲಿ ಬೇಯಿಸುತ್ತಾ ನಿಂತಿದ್ದೆ. ಮಗಳಿಗೆ ಉರಿಮೂತ್ರ. ಬೆಳಗಿನಿಂದ ಸಂಜೆಯವರೆಗೆ ಆಫೀಸಿನಲ್ಲಿ ಕೂತು ಒಂದು ಲೋಟ ನೀರು ಕುಡಿಯುವುದಿಲ್ಲ. ಕೇಳಿದರೆ "ಟೈಮ್ ಸಿಗಲ್ಲಮ್ಮಾ" ಅನ್ನುತ್ತಾಳೆ. ಬಾರ್ಲಿ ಕುದಿ ಬಂದಾಗ ಒಂದು ವಾಸನೆ ಏಳುತ್ತದೆ, ಒದ್ದೆಯಾಗಿ ಒಣಗಿದ ಗೋಣಿತಾಟಿನ ವಾಸನೆಯ ಹಾಗೆ. ಅದು ಮೂಗಿಗೆ ತಾಗಿದ್ದೇ ತಡ, ನಾನು ಆ ಅಡುಗೆಮನೆಯಲ್ಲಿ ಇರಲಿಲ್ಲ. ವಿಶಾಖಪಟ್ಟಣದ ಕಡೆಯ ಜೈಲು ಕ್ವಾರ್ಟರ್ಸಿನ ಸೀಮೆಎಣ್ಣೆ ಸ್ಟೌವಿನ ಮುಂದೆ ಇದ್ದೆ.

"ಅಮ್ಮಾ, ಉಕ್ಕುತ್ತಿದೆ ನೋಡು! ಎಲ್ಲಿದ್ದೀಯ?" ಅಂದಳು ಮಗಳು.

"ಹುಲಿಗೆಮ್ಮ ನೆನಪಾದಳು" ಅಂದೆ.

"ಯಾರದು?"

ಅವಳಿಗೆ ಗೊತ್ತಿರಲಿಲ್ಲ. ಆ ಬೇಸಿಗೆ ಅವಳು ರಜೆಗೆಂದು ಮಧುಗಿರಿಯಲ್ಲಿ ನಮ್ಮ ಅಮ್ಮನ ಮನೆಯಲ್ಲಿದ್ದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಹೇಳುವಾಗ ಸಿಟ್ಟು ಇಳಿಯುತ್ತದೆ ಅಂದುಕೊಂಡಿದ್ದೆ. ಇಳಿಯಲಿಲ್ಲ.

ನನ್ನ ಯಜಮಾನರು ತೆಲುಗಿನವರು, ಜೈಲಿನ ಆಸ್ಪತ್ರೆಯಲ್ಲಿ ಔಷಧಿ ಕೊಡುವ ಕೆಲಸ. ಎಲ್ಲರೂ ಕಾಂಪೌಂಡರ್ ಗಾರು ಅನ್ನುತ್ತಿದ್ದರು. ಎರಡು ಸಾವಿರದ ಐದನೇ ಇಸವಿ ದಾಟಿದ ಮೇಲಿನ ಮಾತು; ಅಚ್ಯುತಾಪುರಂ ಕಡೆ ಆಗಿನ್ನೂ ಕಾರ್ಖಾನೆಗಳಿಗೆಂದು ನೆಲ ಅಗೆಯುತ್ತಿದ್ದರು, ಲಾರಿಗಳ ಕೆಂಪು ಧೂಳು ನಮ್ಮ ತುಳಸಿಯ ಮೇಲೆ ಕೂರುತ್ತಿತ್ತು. ಆ ದಾರಿಯಲ್ಲಿ ಒಂದು ಸಣ್ಣ ಜೈಲು. ಹೆಸರು ಬರೆಯುವುದಿಲ್ಲ. ಆಸ್ಪತ್ರೆ ಅಂದರೆ ಒಂದು ಕೋಣೆ, ಒಂದು ಬೀರು, ಎರಡು ಮಂಚ. ಡಾಕ್ಟರು ವಾರಕ್ಕೆರಡು ಸಲ ಹೊರಗಿನಿಂದ ಬರುತ್ತಿದ್ದರು. ಜೈಲಿನ ಗೋಡೆಗೂ ನಮ್ಮ ಹಿತ್ತಲಿಗೂ ನಡುವೆ ಒಂದು ಓಣಿ ಅಷ್ಟೆ. ಒಳಗೆ ಬೇಳೆ ಸೀದರೆ ನಮ್ಮ ಮನೆಗೆ ವಾಸನೆ ಬರುತ್ತಿತ್ತು.

ವೈಶಾಖದಲ್ಲಿ ನನ್ನದೊಂದು ವ್ರತ ಇದೆ. ಅಮ್ಮನಿಂದ ಬಂದದ್ದು. ತಿಂಗಳು ಪೂರ್ತಿ ಬಾಯಾರಿದವರಿಗೆ ನೀರು ಕೊಡಬೇಕು. ಮಧುಗಿರಿಯಲ್ಲಾದರೆ ಬೀದಿ ತುದಿಯಲ್ಲಿ ಅರವಟ್ಟಿಗೆ ಇಟ್ಟು ಪಾನಕ, ಮಜ್ಜಿಗೆ ಕೊಡುತ್ತಿದ್ದೆವು. ಇಲ್ಲಿ ನನ್ನ ಬೀದಿ ಅಂದರೆ ಜೈಲೇ. ಹಾಗಾಗಿ ಯಜಮಾನರು ಡ್ಯೂಟಿಗೆ ಹೋಗುವಾಗ ಒಂದು ಕ್ಯಾನು ನೀರು ಮಜ್ಜಿಗೆ, ಕಾಯಿಲೆಯವರಿಗೆ ಅಂತ ಬಾರ್ಲಿ ನೀರು ಕಳಿಸುತ್ತಿದ್ದೆ. ಆಸ್ಪತ್ರೆ ಕೋಣೆಗೆ ಬಂದವರಿಗೆಲ್ಲ ಅವರು ಒಂದೊಂದು ಲೋಟ ಕೊಡುತ್ತಿದ್ದರು. ಸೂಪರಿಂಟೆಂಡೆಂಟರು ಕಂಡೂ ಕಾಣದ ಹಾಗೆ ಇರುತ್ತಿದ್ದರು. ಅದೊಂದು ಉಪಕಾರ, ಲೆಕ್ಕಕ್ಕೆ ಇಟ್ಟುಕೊಂಡಿದ್ದೇನೆ. ದೇವರು ಕೊಟ್ಟದ್ದನ್ನು ಸಣ್ಣದು ಅಂತ ಬಿಟ್ಟರೆ ಉಳಿಯುವುದು ಬರೀ ಬೈಗುಳ.

ಆ ವರ್ಷ ವ್ರತ ಹಿಡಿದ ಮೂರನೇ ದಿನ ಅಕ್ಷಯ ತದಿಗೆ, ಸಿಂಹಾಚಲದಲ್ಲಿ ಚಂದನೋತ್ಸವ. ಅಲ್ಲಿನ ಸ್ವಾಮಿಯನ್ನು ಜನ ಪ್ರೀತಿಯಿಂದ ಅಪ್ಪನ್ನ ಅನ್ನುತ್ತಾರೆ. ವರ್ಷವೆಲ್ಲ ಮೈತುಂಬ ಗಂಧ ಮೆತ್ತಿಕೊಂಡು ಕೂತಿರುವ ದೇವರು. ಆ ಒಂದು ದಿನ ಮಾತ್ರ ಗಂಧ ತೆಗೆದು ನಿಜರೂಪ ತೋರಿಸುತ್ತಾರೆ. ಬಿಸಿಲಲ್ಲಿ ಸಾಲು ನಿಂತು, ಕಾಲು ಬೊಬ್ಬೆ ಬಂದು, ಕಣ್ಣು ಮುಚ್ಚಿ ತೆಗೆಯುವಷ್ಟು ಹೊತ್ತು ನೋಡಿದೆ. ಪ್ರಸಾದದ ಗಂಧ ಹಿಡಿದು ಮನೆಗೆ ಬಂದರೆ ಯಜಮಾನರು ಜಗುಲಿ ಮೇಲೆ ಕೂತಿದ್ದರು, ಷರಟಿನ ಗುಂಡಿ ಬಿಚ್ಚಿರಲಿಲ್ಲ.

"ಏನ್ರೀ ಆಯ್ತು?"

"ಹೊಸದಾಗಿ ಒಬ್ಬರನ್ನ ತಂದಿದ್ದಾರೆ" ಅಂದರು. ನನ್ನ ಜೊತೆ ಅವರದು ಅರ್ಧ ತೆಲುಗು, ಅರ್ಧ ಕನ್ನಡ. "ರೈಲಲ್ಲಿ ಚಪ್ಪಾಳೆ ತಟ್ಟಿ ಕಾಸು ಕೇಳ್ತಾರಲ್ಲ, ಅವರು. ಬೋಗಿಯಲ್ಲಿ ಯಾರದೋ ಸರ ಹೋಯ್ತಂತೆ, ಇವರನ್ನ ಹಿಡಿದಿದ್ದಾರೆ. ಗಂಡಸರ ಕಡೆ ಹಾಕೋದಾ, ಹೆಂಗಸರ ಕಡೆ ಹಾಕೋದಾ ಅಂತ ಗೇಟಲ್ಲೇ ಬಟ್ಟೆ ಬಿಚ್ಚಿಸಿ ನೋಡಿದರು. ಡ್ಯೂಟಿಯವರು ನೋಡಿದರು. ಡ್ಯೂಟಿ ಬದಲಾಯ್ತು, ಮುಂದಿನವರು ನಾವೂ ನೋಡಬೇಕು ಅಂದರು. ನಗ್ತಾ ಇದ್ದರು ಶಾರದಾ."

ಕೈಯಲ್ಲಿ ಗಂಧದ ಪೊಟ್ಟಣ ಇತ್ತು. ದೇವರಿಗೇ ವರ್ಷಕ್ಕೊಂದು ದಿನ ಅಂತ ಮರ್ಯಾದೆ ಕಟ್ಟಿಟ್ಟ ಜನ ನಾವು. ಅವನ ಮೈ ಕಾಣುವ ಮೊದಲು ತಲೆ ಬಾಗಿಸುತ್ತೇವೆ. ಅದೇ ದಿನ, ಅದೇ ಸೀಮೆಯಲ್ಲಿ, ಒಂದು ಜೀವವನ್ನು ಗೇಟಿನ ಮುಂದೆ ನಿಲ್ಲಿಸಿ ಇದು. ಆಮೇಲೆ ಎಲ್ಲಿಗೆ ಹಾಕಿದರು ಅಂತ ಕೇಳಿದೆ.

"ಗಂಡಸರ ಬ್ಯಾರಕ್ಕಿಗೆ. ಪೊಲೀಸರ ಕಾಗದದಲ್ಲಿ ಹನುಮಂತಪ್ಪ ಅಂತ ಇದೆ."

ಅವಳು ತನ್ನ ಹೆಸರು ಹುಲಿಗೆಮ್ಮ ಅಂದಿದ್ದಳಂತೆ. ಅದನ್ನು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

ಎರಡು ದಿನ ಬಿಟ್ಟು ಯಜಮಾನರು ಹೇಳಿದರು, ಆಸ್ಪತ್ರೆಗೆ ಕರೆತಂದಿದ್ದಾರೆ, ಜ್ವರ, ಹೊಟ್ಟೆನೋವು, ನಿನ್ನ ಮಜ್ಜಿಗೆ ಕೊಟ್ಟರೆ ಮುಖ ತಿರುಗಿಸಿದಳು. ಬಾರ್ಲಿ ಕೊಟ್ಟರೂ ಅಷ್ಟೇ. ಬರೀ ನೀರೂ ಬೇಡವಂತೆ. ಆ ಬೇಸಿಗೆ ಹೇಗಿತ್ತು ಅಂದರೆ, ಸಮುದ್ರದ ಕಡೆಯಿಂದ ಗಾಳಿ ಬಂದರೂ ಅದು ಉಪ್ಪುನೀರಲ್ಲಿ ಅದ್ದಿದ ಕಂಬಳಿಯ ಹಾಗೆ ಮೈಗೆ ಸುತ್ತಿಕೊಳ್ಳುತ್ತಿತ್ತು. ಕಾಗೆಗಳು ಬಾಯಿ ಬಿಟ್ಟುಕೊಂಡು ಗೋಡೆ ಮೇಲೆ ಕೂರುತ್ತಿದ್ದವು. ಅಂಥಾ ಬಿಸಿಲಲ್ಲಿ ನೀರು ಬೇಡ ಅನ್ನುವವರು ಯಾರು?

ಡಾಕ್ಟರು ಬಂದ ದಿನ ನನಗೆ ಕರೆ ಬಂತು. ಅವಳು ಕೊಪ್ಪಳದ ಕಡೆಯವಳು, ತೆಲುಗು ಸರಿಯಾಗಿ ಬಾರದು. ಅವಳ ಮಾತು ಯಜಮಾನರಿಗೆ ಅಷ್ಟಿಷ್ಟು ತಿಳಿಯುತ್ತಿದ್ದದ್ದು ಬಿಟ್ಟರೆ ಅಲ್ಲಿ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಗಂಡಸರ ಮುಂದೆ ಬಾಯಿಯೂ ಬಿಡುತ್ತಿರಲಿಲ್ಲ. "ಕಾಂಪೌಂಡರ್ ಗಾರು, ನಿಮ್ಮನೆಯವರು ಕನ್ನಡದವರಲ್ಲವಾ, ಒಂದು ಸಲ ಕೇಳಿಸಿ" ಅಂದರಂತೆ ಸೂಪರಿಂಟೆಂಡೆಂಟರು. ನಾನು ಸೆರಗು ಹೊದ್ದು ಹೋದೆ.

ಮಂಚದ ತುದಿಯಲ್ಲಿ ಕೂತಿದ್ದಳು. ಎತ್ತರದ ಆಳು, ಮೂವತ್ತರ ಒಳಗಿನ ವಯಸ್ಸು. ಸೀರೆ ಕಿತ್ತುಕೊಂಡು ಜೈಲಿನ ಚಡ್ಡಿ, ಅಂಗಿ ಕೊಟ್ಟಿದ್ದರು. ಅಂಗಿಯ ಮುಂಭಾಗವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಇದ್ದಳು. ತುಟಿ ಒಡೆದು ಬಿಳಿಚಿತ್ತು.

"ಏನಮ್ಮ ಹುಲಿಗೆಮ್ಮ, ಯಾವೂರು?" ಅಂದೆ.

ತಲೆ ಎತ್ತಿ ನನ್ನ ಬಾಯನ್ನೇ ನೋಡಿದಳು. "ಅಕ್ಕಾರ, ಕನ್ನಡದವರೇನ್ರೀ ನೀವು?" ಅಂದವಳೇ ಅಳತೊಡಗಿದಳು. ಕಣ್ಣಲ್ಲಿ ನೀರು ಬರುತ್ತಿರಲಿಲ್ಲ, ಅದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಬರೀ ಮುಖ ಅಳುತ್ತಿತ್ತು.

"ಯಾಕಮ್ಮ ನೀರು ಕುಡಿಯಲ್ಲ? ನಾನೇ ಮಾಡಿದ ಮಜ್ಜಿಗೆ, ದೇವರ ಹೆಸರಲ್ಲಿ ಕಳಿಸಿದ್ದು. ಉಪವಾಸ ಏನಾದರೂ ಹಿಡಿದಿದ್ದೀಯಾ?"

"ಉಪಾಸ ಎಲ್ಲಿದ್ರೀ ಅಕ್ಕಾರ. ನೀರು ಕುಡದ್ರ ಹೋಗಬೇಕಾಗ್ತೈತಿ. ಅಲ್ಲಿ ಬಾಗಲಾ ಇಲ್ಲ. ಗ್ವಾಡಿ ನನ್ನ ಸ್ವಂಟದ ತನಕ ಅಷ್ಟ ಐತಿ. ನಾ ಎದ್ದೆ ಅಂದ್ರ ಇಡೀ ಬ್ಯಾರಕ್ಕು ಏಳ್ತೈತಿ." ಅಂಗಿಯನ್ನು ಇನ್ನೂ ಬಿಗಿಯಾಗಿ ಹಿಡಿದು, "ಬರೇ ನೋಡೂದಿಲ್ರೀ" ಅಂದಳು.

ನಾನು ಹೋಗಿ ಮಂಚದ ಮೇಲೆ ಅವಳ ಪಕ್ಕ ಕೂತೆ.

ಆಮೇಲೆ ಕೆಳಗೆ ನೋಡುತ್ತಾ ಇನ್ನೊಂದು ಹೇಳಿದಳು. ಅವಳಿಗೆ ಹಿಂದೆ ಆಪರೇಷನ್ ಆಗಿತ್ತು, ಹೆಣ್ಣಾಗುವುದಕ್ಕೆ ಅವರಲ್ಲಿ ಮಾಡಿಸಿಕೊಳ್ಳುತ್ತಾರಲ್ಲ, ಅದು. ಗಾಯ ಮಾಯುವಾಗ ಮೂತ್ರದ ದಾರಿ ಕಿರಿದಾಗಿತ್ತು. ಹೊರಗಿದ್ದಾಗ ನೀರು ಚೆನ್ನಾಗಿ ಕುಡಿದು, ಬಿಸಿನೀರಲ್ಲಿ ಕೂತು ಹೇಗೋ ನಿಭಾಯಿಸುತ್ತಿದ್ದಳು. ಈಗ ನೀರಿಲ್ಲ, ತಡೆದು ತಡೆದು ಉರಿ, ರಕ್ತ, ಜ್ವರ.

ನಾನು ಕೋಣೆಯ ಆಚೆ ಕೂತಿದ್ದ ಡಾಕ್ಟರಿಗೆ ಎಲ್ಲವನ್ನೂ ತೆಲುಗಿನಲ್ಲಿ ಹೇಳಿದೆ. ನಾಚಿಕೆ ಪಡುವ ಹೊತ್ತಲ್ಲ ಅಂತ ಬಿಡಿಸಿಯೇ ಹೇಳಿದೆ. ಅವರು ಕುರ್ಚಿ ಹಿಂದಕ್ಕೆ ಎಳೆದುಕೊಂಡರು.

"ಅಮ್ಮಾ, ಹೆಂಗಸಾದರೆ ಲೇಡಿ ಡಾಕ್ಟರ್ ನೋಡಬೇಕು. ನಾನು ನೋಡುವ ಹಾಗಿಲ್ಲ."

"ಹಾಗಾದರೆ ಲೇಡಿ ಡಾಕ್ಟರ ಹತ್ತಿರ ಕಳಿಸಿ ಸಾರ್."

"ಅವರು ಗಂಡಸರನ್ನ ನೋಡಲ್ಲಮ್ಮಾ. ಕಾಗದದಲ್ಲಿ ಗಂಡಸು ಅಂತಿದೆ."

"ಕಾಗದದಲ್ಲಿ ಗಂಡಸಾದರೆ ನೀವೇ ನೋಡಬಹುದಲ್ಲ?"

ಅವರಿಗೆ ಸಿಟ್ಟು ಬಂತು. "ನೀವು ಭಾಷೆ ಹೇಳಲಿಕ್ಕೆ ಬಂದಿದ್ದೀರಿ" ಅಂದರು. ಜ್ವರದ ಮಾತ್ರೆ ಬರೆದರು. "ಉಷ್ಣ. ನೀರು ಜಾಸ್ತಿ ಕುಡಿಯಲಿಕ್ಕೆ ಹೇಳಿ" ಅಂದು ಎದ್ದರು. ಒಂದು ಸಲ ನಾಡಿಯನ್ನಾದರೂ ಹಿಡಿದರಾ? ಇಲ್ಲ. ಹೋಗುವಾಗ ಸೋಪು ಹಾಕಿ ಕೈ ತೊಳೆದುಕೊಂಡರು. ಮುಟ್ಟದ ಕೈಯನ್ನು ತೊಳೆದದ್ದು ಯಾವ ಕೊಳೆ ಹೋಗಲಿಕ್ಕೋ.

ಅಲ್ಲಿಂದ ನೆಟ್ಟಗೆ ಸೂಪರಿಂಟೆಂಡೆಂಟರ ಕೋಣೆಗೆ ಹೋದೆ. ಯಜಮಾನರು ಹಿಂದಿನಿಂದ "ಶಾರದಾ, ಬೇಡವೇ, ಬೇಡವೇ" ಅನ್ನುತ್ತಾ ಬಂದರು. ಅವರು ಭಯದ ಮನುಷ್ಯ. ಕೆಟ್ಟವರಲ್ಲ.

"ಸಾರ್, ಆ ಪಾಯಿಖಾನೆಗೆ ಒಂದು ಬಾಗಿಲು ಹಾಕಿಸಿ. ತಗಡಿಂದಾದರೂ ಸರಿ. ಒಳಗಡೆ ಒಂದು ಚಿಲಕ. ಅಷ್ಟೇ ಸಾಕು, ಅವಳು ನೀರು ಕುಡೀತಾಳೆ."

ಅವರು ಜೋರಾಗಿ ನಕ್ಕರು. ಕೆಟ್ಟ ನಗುವಲ್ಲ, ಮಗು ಏನೋ ಕೇಳಿದಾಗ ನಗುತ್ತಾರಲ್ಲ, ಆ ಥರ. "ಶಾರದಮ್ಮ ಗಾರು, ಇದು ಜೈಲು. ಇಲ್ಲಿ ಚಿಲಕ ಎಲ್ಲಾ ಹೊರಗಡೆಯೇ. ಒಳಗಿನ ಚಿಲಕ ಹಾಕಿಸಿದರೆ ನಾಳೆ ಒಬ್ಬ ಒಳಗೆ ಹೋಗಿ ನೇಣು ಹಾಕಿಕೊಳ್ತಾನೆ, ನನ್ನ ನೌಕರಿ ಹೋಗುತ್ತೆ."

"ಹೆಂಗಸರ ಕಡೆ ಕಳಿಸಿ."

"ಅವರು ಗಲಾಟೆ ಮಾಡ್ತಾರೆ. ಮೇಲಿನವರು ನನ್ನ ಕೇಳ್ತಾರೆ."

ಎಲ್ಲರಿಗೂ ಮೇಲೊಬ್ಬರು ಇದ್ದರು. ಅವಳ ಮೇಲೆ ಮಾತ್ರ ಎಲ್ಲರೂ ಇದ್ದರು.

ಮುಂದೆ ನಡೆದದ್ದನ್ನು ನೆನೆಸಿಕೊಂಡರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಬ್ಯಾರಕ್ಕಿನ ಹೆಡ್ ವಾರ್ಡರು, ಈ ಕೈದಿ ಅನ್ನ ನೀರು ಮುಟ್ಟುತ್ತಿಲ್ಲ, ಉಪವಾಸ ಸತ್ಯಾಗ್ರಹ ಹೂಡಿದ್ದಾಳೆ ಅಂತ ದೂರು ಕೊಟ್ಟ. ಸತ್ಯಾಗ್ರಹವಂತೆ! ಜೈಲಲ್ಲಿ ಅದು ತಪ್ಪು. ಶಿಕ್ಷೆ ಅಂತ ಅವಳನ್ನು ಒಂಟಿ ಕೋಣೆಗೆ ಹಾಕಿದರು. ಯಜಮಾನರು ಅವತ್ತು ಊಟ ಬಿಟ್ಟು ಮಲಗಿದರು. ನಾನು ಅಪ್ಪನ್ನನ ಪಟದ ಮುಂದೆ ಕೂತು, ನಿನಗೆ ಕಣ್ಣಿದೆಯೋ ಇಲ್ಲವೋ, ಮೈ ಮೇಲಿನ ಗಂಧ ಕಣ್ಣಿಗೂ ಮೆತ್ತಿಕೊಂಡಿದೆಯೋ ಅಂತ ಬೈದೆ.

ಮಾರನೇ ದಿನ ಮಧ್ಯಾಹ್ನ ಯಜಮಾನರು ಖಾಲಿ ಕ್ಯಾನು ಆಡಿಸುತ್ತಾ ಬಂದರು. ಮದುವೆಯಾದ ಹೊಸದರಲ್ಲಿ ಮಾತ್ರ ಹಾಗೆ ನಡೆಯುತ್ತಿದ್ದರು. "ಕುಡಿದಳು! ಬಾರ್ಲಿ ನೀರು ಇನ್ನೂ ಇದೆಯಾ ಅಂದಳು."

ಒಂಟಿ ಕೋಣೆಯಲ್ಲಿ ಮೂಲೆಗೊಂದು ಕಲ್ಲಿನ ಗುಂಡಿ ಇತ್ತಂತೆ, ಪಕ್ಕದಲ್ಲಿ ಬಕೆಟ್ಟು. ಬಾಗಿಲಿಗೆ ಹೊರಗಿನಿಂದ ಬೀಗ. ಒಳಗೆ ಅವಳು ಬಿಟ್ಟರೆ ಬೇರೆ ಯಾರೂ ಇಲ್ಲ. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ನೋಡಿ, ನಾನು ದೊಡ್ಡ ದೊಡ್ಡ ಉಪಕಾರಗಳನ್ನು ಕೇಳುವವಳಲ್ಲ. ಸಣ್ಣದಕ್ಕೇ ಕೈ ಮುಗಿಯುತ್ತೇನೆ. ಆ ವಾರ ಕೈ ಮುಗಿದದ್ದು ಇವಕ್ಕೆ: ಅವಳು ನೀರು ಕುಡಿದಳು, ಜ್ವರ ಇಳಿಯಿತು, ಯಜಮಾನರು ಅಲ್ಲಿನ ಬಕೆಟ್ಟಿಗೆ ಬಿಸಿನೀರು ಹಾಕಿಸಿದರು, ಕೇಳಿದವರಿಗೆ ನೆಲ ತೊಳೆಯಲಿಕ್ಕೆ ಅಂದರು. ಆದರೆ ಕೈ ಮುಗಿಯುತ್ತಲೇ ಸಿಟ್ಟೂ ಬರುತ್ತಿತ್ತು. ಒಬ್ಬ ರೋಗಿಗೆ ಆ ಜೈಲಿನಲ್ಲಿ ಸಿಕ್ಕ ಒಂದೇ ಒಂದು ಚಿಕಿತ್ಸೆ ಅವಳಿಗೆ ಕೊಟ್ಟ ಶಿಕ್ಷೆ. ಇದನ್ನು ಯಾವ ದೇವರ ಲೆಕ್ಕಕ್ಕೆ ಬರೆಯಲಿ?

ಆ ಹೊತ್ತಿಗೇ ಸರೋಜಮ್ಮ ಬಂದದ್ದು. ಒಂದು ಬೆಳಿಗ್ಗೆ ಹೊಸ್ತಿಲಿಗೆ ರಂಗೋಲಿ ಹಾಕುತ್ತಿದ್ದೆ, ನೆರಳು ಬಿತ್ತು. ಅರವತ್ತು ದಾಟಿದವರು, ದಪ್ಪ ಕುಂಕುಮ, ನರೆತ ತುರುಬಿಗೆ ಕನಕಾಂಬರ, ಕಂಕುಳಲ್ಲಿ ಚೀಲ. ವಿಜಯವಾಡದಿಂದ ರಾತ್ರಿ ರೈಲಿಗೆ ಬಂದಿದ್ದರು. ಹುಲಿಗೆಮ್ಮನ ಗುರು ಅವರು. ಅವರಲ್ಲಿ ಗುರು ಅಂದರೆ ತಾಯಿ.

"ಅಮ್ಮಾ, ಒಂದು ಲೋಟ ನೀರು ಕೊಡ್ತೀಯಾ? ಗೇಟಲ್ಲಿ ನನ್ನ ಓಡಿಸಿದರು. ರಕ್ತಸಂಬಂಧ ಇದ್ದರೆ ಮಾತ್ರ ಭೇಟಿಯಂತೆ." ಜಗುಲಿ ಮೇಲೆ ಕೂತು ಕಾಲು ಚಾಚಿದರು. "ರಕ್ತಸಂಬಂಧದವರು ಮನೆಯಿಂದ ಒದ್ದು ಓಡಿಸಿದ್ದಕ್ಕೇ ಅಲ್ಲವಾ ತಾಯಿ ಅವಳು ನನ್ನ ಹತ್ತಿರ ಬಂದದ್ದು? ಈಗ ಅವರನ್ನೇ ಹುಡುಕಿಕೊಂಡು ಹೋಗಿ, ಬನ್ನಿ, ನೀವು ಒದ್ದ ಮಗಳು ಜೈಲಲ್ಲಿದ್ದಾಳೆ ನೋಡಿ ಅನ್ನಲಾ?"

ನಾನು ಮಜ್ಜಿಗೆ ತಂದುಕೊಟ್ಟೆ. ಪಕ್ಕದ ಕ್ವಾರ್ಟರ್ಸಿನವರು ಬಾಗಿಲ ಸಂದಿಯಿಂದ ನೋಡುತ್ತಿದ್ದರು. ಸರೋಜಮ್ಮ ಅವರ ಕಡೆ ತಿರುಗಿ, "ಹೊರಗೆ ಬಂದು ನೋಡಮ್ಮಾ, ಟಿಕೆಟ್ಟಿಲ್ಲ!" ಅಂತ ಕೂಗಿದರು. ಬಾಗಿಲು ಮುಚ್ಚಿಕೊಂಡಿತು. ನಾನು ನಕ್ಕುಬಿಟ್ಟೆ. ಆ ಬೇಸಿಗೆಯಲ್ಲಿ ನಾನು ನಕ್ಕದ್ದು ಅದೇ ಮೊದಲು.

ಡಾಕ್ಟರ ವಿಷಯ ಹೇಳಿದೆ. ಅವರು ಲೋಟ ಕೆಳಗಿಟ್ಟರು. "ನೋಡಿದರೆ ಕಣ್ಣು ಹೋಗಲ್ಲ ಅಂತ ಹೇಳು ಆ ಮಹಾನುಭಾವನಿಗೆ. ಗೇಟಲ್ಲಿ ನೋಡಬೇಡ ಅಂದರೂ ನೋಡಿದರು. ಇಲ್ಲಿ ನೋಡು ಅಂದರೆ ನೋಡಲ್ಲ. ನಮ್ಮ ಮೈ ನಗೋದಕ್ಕೆ ಬೇಕು, ಮದ್ದು ಹಚ್ಚೋದಕ್ಕೆ ಬೇಡ." ಆಮೇಲೆ ದನಿ ತಗ್ಗಿಸಿ, "ಅಮ್ಮಾ, ಅವಳ ದಾರಿ ಮುಚ್ಚಿಕೊಂಡು ಬಿಟ್ಟರೆ ಒಂದು ದಿನದಲ್ಲಿ ಜೀವ ಹೋಗುತ್ತೆ. ನಮ್ಮಲ್ಲಿ ಒಬ್ಬಳು ಹೋದಳು, ನಾನೇ ಕಂಡೆ. ಬೇಲು ಸಿಗೋವರೆಗೂ ನೀರು ನಿಲ್ಲದ ಹಾಗೆ ನೋಡಿಕೋ" ಅಂದರು. ಬೇಲಿಗೆ ವಕೀಲರನ್ನು ಹಿಡಿದಿದ್ದರು. ಆದರೆ ಕೋರ್ಟಿಗೆ ಬೇಸಿಗೆ ರಜೆ ಬಂದಿತ್ತು.

ಒಂಟಿ ಕೋಣೆಯ ಶಿಕ್ಷೆಗೆ ಒಂದು ಅವಧಿ ಇರುತ್ತದೆ. ಅದು ಮುಗಿದರೆ ಮತ್ತೆ ಬ್ಯಾರಕ್ಕು. ನಾನು ಯಜಮಾನರಿಗೆ ಹೇಳಿದೆ, ಹೇಗಾದರೂ ಮಾಡಿ ಅಲ್ಲೇ ಇರಿಸಿ. ಹುಟ್ಟಿದಾಗಿನಿಂದ ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ. ಬೆಳಿಗ್ಗೆ ಸಂಧ್ಯಾವಂದನೆ ಮುಗಿಸಿ ಹೋಗಿ, "ಸಾರ್, ಅವಳು ಬಲು ಹಠಮಾರಿ, ಇನ್ನೂ ಬುದ್ಧಿ ಬಂದಿಲ್ಲ, ಇನ್ನೊಂದು ವಾರ ಅಲ್ಲೇ ಇರಲಿ" ಅಂದರು. ಸೂಪರಿಂಟೆಂಡೆಂಟರು ಇವರನ್ನು ನೋಡಿ, "ಏನು ಕಾಂಪೌಂಡರ್ ಗಾರು, ಇಷ್ಟು ಕಟುಕರಾಗಿಬಿಟ್ಟಿರಿ?" ಅಂದರಂತೆ. ಆದರೂ ಒಪ್ಪಿಕೊಂಡರು. ಇವರು ಮನೆಗೆ ಬಂದು ಬಾಯಿ ಮುಕ್ಕಳಿಸಿದರು.

ನಾನು ದಿನಾ ಸಂಜೆ ದೀಪ ಹಚ್ಚಿ ಏನು ಬೇಡಿಕೊಳ್ಳುತ್ತಿದ್ದೆ ಗೊತ್ತೇ? ಸ್ವಾಮಿ, ಅವಳ ಶಿಕ್ಷೆ ಮುಗಿಯದ ಹಾಗೆ ನೋಡಿಕೋ. ಯಾರಾದರೂ ಹಾಗೆ ಬೇಡುತ್ತಾರಾ? ನಾನು ಬೇಡಿದೆ. ನನ್ನಿಂದ ಅಂಥಾ ಪ್ರಾರ್ಥನೆ ಹೇಳಿಸಿದವರ ಮೇಲಿನ ಸಿಟ್ಟು ಇವತ್ತಿಗೂ ಆರಿಲ್ಲ.

ಪ್ರಾರ್ಥನೆ ಫಲಿಸಲಿಲ್ಲ. ಮೇಲಿನಿಂದ ಒಬ್ಬ ಅಧಿಕಾರಿ ತಪಾಸಣೆಗೆ ಬಂದರು. ಒಳ್ಳೆಯವರು ಅಂತ ಹೆಸರು. ಒಂಟಿ ಕೋಣೆಯ ಮುಂದೆ ನಿಂತು, ಇವಳು ಯಾಕೆ ಇಲ್ಲಿದ್ದಾಳೆ, ಊಟ ಬಿಟ್ಟಳು ಅಂತಲಾ, ಇಷ್ಟು ದಿನವಾ, ಮನುಷ್ಯತ್ವ ಬೇಡವಾ ನಿಮಗೆ, ಈಗಲೇ ಬ್ಯಾರಕ್ಕಿಗೆ ಕಳಿಸಿ ಅಂದರು. ಬೀಗ ತೆಗೆದದ್ದೇ ಹುಲಿಗೆಮ್ಮ ಓಡಿಬಂದು ಅವರ ಕಾಲಿಗೆ ಬಿದ್ದಳು. "ಬ್ಯಾಡ್ರೀ ಯಪ್ಪಾ, ಇಲ್ಲೇ ಇರತೀನ್ರೀ, ನಿಮ್ಮ ಕಾಲು ಬೀಳ್ತೀನ್ರೀ" ಅಂತ ಬೂಟು ಹಿಡಿದುಕೊಂಡು ಅತ್ತಳು. ಅಧಿಕಾರಿಗೆ ಕನ್ನಡ ಬಾರದು. ಕೃತಜ್ಞತೆ ಅಂದುಕೊಂಡರು. ಅವಳ ತಲೆ ನೇವರಿಸಿ, "ಪರವಾಗಿಲ್ಲ, ಪರವಾಗಿಲ್ಲ" ಅನ್ನುತ್ತಾ ಮುಂದೆ ಹೋದರಂತೆ.

"ನೀವು ಅಲ್ಲೇ ಇದ್ದಿರಲ್ಲ?" ಅಂತ ಯಜಮಾನರನ್ನು ಕೇಳಿದೆ.

"ಇದ್ದೆ."

"ಹೇಳಬಾರದಿತ್ತಾ?"

ಅವರು ಅನ್ನದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಕೈ ತೊಳೆಯದೆ ಹಾಗೇ ಎದ್ದು ಜೈಲಿನ ಕಡೆ ಹೋದರು.

ಬ್ಯಾರಕ್ಕಿನಲ್ಲಿ ಮತ್ತೆ ಬಾಯಿ ಕಟ್ಟಿದಳು. ಮೂರನೇ ಬೆಳಿಗ್ಗೆ ಹೊಟ್ಟೆ ಕಲ್ಲಿನ ಹಾಗೆ ಊದಿಕೊಂಡು ನೆಲದ ಮೇಲೆ ಹೊರಳಾಡುತ್ತಿದ್ದಳಂತೆ. ಆಗ ನನ್ನ ಯಜಮಾನರು, ಆ ಭಯದ ಮನುಷ್ಯ, ಸೂಪರಿಂಟೆಂಡೆಂಟರ ಮೇಜಿನ ಮುಂದೆ ನಿಂತು, "ಇವತ್ತು ಆಸ್ಪತ್ರೆಗೆ ಕಳಿಸದೆ ಇವಳು ಸತ್ತರೆ ನಾನು ಸಾಕ್ಷಿ ಹೇಳ್ತೀನಿ ಸಾರ್" ಅಂದರು. ಅವರ ನೌಕರಿಯಲ್ಲಿ ಅವರು ಜೋರಾಗಿ ಹೇಳಿದ ಮಾತು ಅದೊಂದೇ. ಗಾಡಿ ಬಂತು. ಭಾಷೆ ಹೇಳಲಿಕ್ಕೆ ಅಂತ ನನ್ನನ್ನೂ ಹತ್ತಿಸಿದರು. ಸರೋಜಮ್ಮ ಊರಲ್ಲೇ ಯಾರದೋ ಮನೆಯಲ್ಲಿ ಇಳಿದಿದ್ದರು, ಫೋನು ಮಾಡಿಸಿದೆ.

ಆಸ್ಪತ್ರೆಯಲ್ಲಿ ಗಂಡಸರ ವಾರ್ಡಿನವರು, ಇದನ್ನ ಇಲ್ಲಿ ಬೇಡ, ರೋಗಿಗಳು ಗಲಾಟೆ ಮಾಡ್ತಾರೆ ಅಂದರು. ಹೆಂಗಸರ ವಾರ್ಡಿನವರು ಬಾಗಿಲಿಗೇ ಅಡ್ಡ ನಿಂತರು. ಎರಡರ ನಡುವಿನ ವರಾಂಡದಲ್ಲಿ ಸ್ಟ್ರೆಚರು ನಿಂತಿತು. ಮಟಮಟ ಮಧ್ಯಾಹ್ನ. ಹೋಗುವವರು ಬರುವವರು ನಿಂತು ನೋಡಿ ಹೋಗುತ್ತಿದ್ದರು. ಒಬ್ಬಾಕೆ ಮಗುವನ್ನು ಎತ್ತಿ ತೋರಿಸಿದಳು. ಹುಲಿಗೆಮ್ಮನ ಒಂದು ಕೈಗೆ ಬೇಡಿ ಹಾಕಿ ಸ್ಟ್ರೆಚರಿನ ಕಂಬಿಗೆ ಬಿಗಿದಿದ್ದರು. ಉರುಳಲೂ ಆಗದವಳು ಓಡಿಹೋಗುತ್ತಾಳಂತೆ! ನನ್ನ ಸೆರಗು ಹಿಡಿದು, "ಅಕ್ಕಾರ, ಸಾಯ್ತೀನ್ರೀ, ಇಲ್ಲಿ ಬ್ಯಾಡ್ರೀ, ಮಂದಿ ನೋಡಾಕತ್ತಾರ" ಅನ್ನುತ್ತಿದ್ದಳು. ಸಾಯುವಾಗಲೂ ಅವಳಿಗಿದ್ದ ಚಿಂತೆ ಅದು.

ನಾನು ಅಂಥಾ ದೊಡ್ಡ ದನಿಯವಳಲ್ಲ. ಅವತ್ತು ಎಲ್ಲಿಂದ ಬಂತೋ. ವರಾಂಡದ ನಡುವೆ ನಿಂತು, ಹೋಗುತ್ತಿದ್ದ ಬಿಳಿ ಕೋಟಿನವರನ್ನೆಲ್ಲ ಅಡ್ಡಗಟ್ಟಿ ಕೂಗಿದೆ. "ಗಂಡಸೋ ಹೆಂಗಸೋ ಆಮೇಲೆ ತೀರ್ಮಾನ ಮಾಡಿಕೊಳ್ಳಿ! ಮೂತ್ರ ಕಟ್ಟಿದೆ, ಅದನ್ನ ಬಿಡಿಸಿ! ಹಸು ಹೀಗೆ ಒದ್ದಾಡುತ್ತಿದ್ದರೆ ಬಿಟ್ಟು ಹೋಗ್ತಿದ್ದಿರಾ? ನಿಮ್ಮ ಮನೆಯಲ್ಲಿ ದೇವರಿಲ್ಲವಾ?"

ಒಬ್ಬಳು ಹುಡುಗಿ ನಿಂತಳು. ಇನ್ನೂ ಓದು ಮುಗಿಯದ ಡಾಕ್ಟರು ಇರಬೇಕು, ಕನ್ನಡಕದ ಮೇಲೆಲ್ಲ ಬೆವರು. "ಟ್ಯೂಬ್ ನಾನು ಹಾಕ್ತೀನಿ ಆಂಟಿ. ಆದರೆ ಇಲ್ಲಿ ಹೇಗೆ? ಮರೆ ಇಲ್ಲವಲ್ಲ" ಅಂದಳು. ಸುತ್ತ ನೋಡಿದಳು. ಪರದೆ ಕೊಡಿ ಅಂತ ಎರಡೂ ವಾರ್ಡಿಗೆ ಹೋಗಿ ಕೇಳಿ ಬರಿಗೈಯಲ್ಲಿ ಬಂದಳು.

ಅಷ್ಟರಲ್ಲಿ ಸರೋಜಮ್ಮ ಬಂದಿದ್ದರು. ಅವರು ಚೀಲಕ್ಕೆ ಕೈ ಹಾಕಿ ಒಂದು ಸೀರೆ ಎಳೆದರು. ಹುಲಿಗೆಮ್ಮ ಬಿಡುಗಡೆಯಾದ ದಿನ ಉಡಲಿ ಅಂತ ತಂದ ಹಸಿರು ಸೀರೆ, ಮಡಿಕೆ ಬಿಚ್ಚಿರಲಿಲ್ಲ. ಒಂದು ತುದಿ ನಾನು ಹಿಡಿದೆ, ಒಂದು ತುದಿ ಅವರು. ಸುತ್ತು ಸಾಲಲಿಲ್ಲ, ಗೋಡೆಯ ಕಡೆ ಒಂದು ಮೂಲೆ ಜಾರುತ್ತಿತ್ತು. ಸರೋಜಮ್ಮ ಕಾವಲಿನ ಕಾನ್‌ಸ್ಟೇಬಲ್ಲನ್ನು ನೋಡಿ, "ಏಯ್ ನಾಯನಾ, ಬಂದೂಕು ಗೋಡೆಗೆ ಒರಗಿಸು, ಸೀರೆ ಹಿಡಿ. ಹೆಂಡತಿ ಸೀರೆ ಒಣಗಿಸಿ ಅಭ್ಯಾಸ ಇರಬೇಕಲ್ಲ" ಅಂದರು. ಅವನು ಬೈಯಬಹುದು ಅಂದುಕೊಂಡೆ. ಬೈಯಲಿಲ್ಲ. ಬೇಡಿ ಬಿಚ್ಚಿ ಕಿಸೆಗೆ ಹಾಕಿಕೊಂಡ. ಮೂಲೆ ಹಿಡಿದು ಮುಖವನ್ನು ಪೂರ್ತಿ ಆಚೆ ತಿರುಗಿಸಿ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ನಿಂತ. ಆ ಮನುಷ್ಯನ ಹೆಸರು ಕೇಳಲಿಲ್ಲ. ಇವತ್ತಿಗೂ ದೀಪ ಹಚ್ಚುವಾಗ ಅವನು ನೆನಪಾಗುತ್ತಾನೆ.

ಹುಡುಗಿಗೆ ಮೊದಲ ಸಲ ಆಗಲಿಲ್ಲ. ಎರಡನೇ ಸಲವೂ ಆಗಲಿಲ್ಲ. "ಸಣ್ಣ ಟ್ಯೂಬ್ ಬೇಕು" ಅಂತ ಓಡಿದಳು, ಮಕ್ಕಳಿಗೆ ಹಾಕುವಂಥದ್ದು ತಂದಳು. ಸೀರೆಯ ಆಚೆ ಜನ ಗುಂಪು ಕಟ್ಟಿದ್ದರು, ಈಚೆ ನಾವು. ಹುಲಿಗೆಮ್ಮ "ಯವ್ವಾ" ಅಂತ ಒಂದು ಸಲ ಕೂಗಿದಳು. ಆಮೇಲೆ ಕೆಳಗಿಟ್ಟಿದ್ದ ಬೇಸಿನ್ನಿಗೆ ನೀರು ಬೀಳುವ ಸದ್ದು. ಅದು ನಿಲ್ಲದೆ ಬೀಳುತ್ತಿತ್ತು. ಸರೋಜಮ್ಮ ಸೀರೆ ಹಿಡಿದುಕೊಂಡೇ ಗೊಳೋ ಅಂತ ಅತ್ತರು. ನಾನು "ಅಪ್ಪನ್ನಾ, ಅಪ್ಪನ್ನಾ" ಅಂದೆ. ಅದಕ್ಕೆ ಗೋವಿಂದ ಅಂತ ಸೇರಿಸುವ ಹೊತ್ತಿಗೆ ಇನ್ನೊಂದು ಬೇಸಿನ್ನು ತನ್ನಿ ಅಂದಳು ಹುಡುಗಿ.

ವಾರ್ಡು ಕೊನೆಗೂ ಸಿಗಲಿಲ್ಲ. ಬೇಲು ಬರುವವರೆಗೆ ಆ ವರಾಂಡದಲ್ಲೇ ಇದ್ದಳು, ಸೀರೆಯನ್ನು ಹಗ್ಗಕ್ಕೆ ಕಟ್ಟಿದ ಮರೆಯಲ್ಲಿ. ಆಮೇಲೆ ಒಂದು ದಿನ ಸರ ಕಳೆದುಕೊಂಡಾಕೆ ಪೊಲೀಸರಿಗೆ ಹೇಳಿದಳಂತೆ, ಸರ ಕಳೆದೇ ಇರಲಿಲ್ಲ, ತವರಲ್ಲೇ ಬಿಟ್ಟು ಬಂದಿದ್ದೆ ಅಂತ. ಕೇಸು ಬಿದ್ದುಹೋಯಿತು. ಗೇಟಲ್ಲಿ ನಕ್ಕವರು, ಮುಟ್ಟದೆ ಕೈ ತೊಳೆದವರು, ತಲೆ ನೇವರಿಸಿದವರು, ಯಾರೂ ಅವಳ ಹತ್ತಿರ ಬಂದು ತಪ್ಪಾಯಿತು ಅನ್ನಲಿಲ್ಲ. ಒಂದು ಮೂತ್ರಪಿಂಡ ಹಾಳಾಗಿದೆ ಅಂತ ಆಮೇಲೆ ಗೊತ್ತಾಯಿತು. ಅದನ್ನು ಯಾವ ಕೋರ್ಟು ವಾಪಸು ಕೊಡುತ್ತದೆ?

ಆಷಾಢದಲ್ಲಿ ಕನಕದುರ್ಗಮ್ಮನಿಗೆ ಸಾರೆ, ಅಂದರೆ ತವರಿನ ಬಾಗಿನ, ಕೊಡುವವರ ಜೊತೆ ನಾನೂ ವಿಜಯವಾಡಕ್ಕೆ ಹೋದೆ. ಸೀರೆ, ಅರಿಶಿನ, ಕುಂಕುಮ, ಬಳೆ ಹೊತ್ತು ಇಂದ್ರಕೀಲಾದ್ರಿ ಹತ್ತಿ ಇಳಿದು, ಗುಂಪಿನವರಿಗೆ ಹೇಳಿ ಭವಾನಿಪುರಂಗೆ ಆಟೋ ಹತ್ತಿದೆ. ಕೃಷ್ಣೆಗೆ ಹೊಸ ಕೆಂಪು ನೀರು ಬಂದಿತ್ತು. ಸರೋಜಮ್ಮನ ಮನೆ ಒಂದು ಸಂದಿಯಲ್ಲಿ. ಎರಡು ಕೋಣೆ, ಹಿತ್ತಲಲ್ಲಿ ಬಚ್ಚಲು.

ಹುಲಿಗೆಮ್ಮ ಅದೇ ಹಸಿರು ಸೀರೆ ಉಟ್ಟಿದ್ದಳು. ಇಳಿದುಹೋಗಿದ್ದಳು, ಆದರೆ ತುಟಿಗೆ ಬಣ್ಣ ಬಂದಿತ್ತು. ಕುಂಕುಮ ಕೊಟ್ಟೆ. ಮನೆಯಿಂದ ಬಾರ್ಲಿ ನೀರು ಬಾಟಲಿಯಲ್ಲಿ ತಂದಿದ್ದೆ. ವೈಶಾಖ ಮುಗಿದು ಎಷ್ಟೋ ದಿನವಾಗಿತ್ತು, ಆದರೂ ನನ್ನ ವ್ರತ ಮುಗಿದಿಲ್ಲ ಅಂತಲೇ ಮನಸ್ಸಿಗೆ. ಲೋಟಕ್ಕೆ ಹಾಕಿ ಕೊಟ್ಟೆ.

"ಅಕ್ಕಾರ, ಇದರ ವಾಸನಿ ಬಂದ್ರ ನನಗ ಜೈಲ ನೆನಪಾಗ್ತೈತ್ರೀ" ಅಂದಳು. ಆದರೆ ಕುಡಿದಳು. ಎತ್ತಿ ಗಟಗಟ ಕುಡಿದು, ಲೋಟ ಮತ್ತೆ ಚಾಚಿದಳು. ಎರಡನೆಯದನ್ನೂ ಕುಡಿದು ಬಾಯಿ ಒರೆಸಿಕೊಂಡು ನನ್ನ ಪಕ್ಕ ಕೂತಳು. ಊರಿನ ಮಾತು, ಹುಲಿಗಿ ಜಾತ್ರೆಗೆ ಹೋಗಬೇಕೆನ್ನುವ ಮಾತು ಆಡಿದಳು. ಸ್ವಲ್ಪ ಹೊತ್ತಾದ ಮೇಲೆ, "ಬಂದೆ ಕುಂದರ್ರೀ" ಅಂತ ಎದ್ದು ಬಚ್ಚಲ ಕಡೆ ಹೋದಳು.

ಒಳಗಿನಿಂದ ಚಿಲಕ ಬಿದ್ದ ಸದ್ದು. ಮತ್ತೆ ತೆಗೆದ ಸದ್ದು. ಮತ್ತೆ ಬಿದ್ದ ಸದ್ದು.

"ಬಂದಾಗಿನಿಂದ ಇದೇ ಆಟ ಅವಳದು" ಅಂದರು ಸರೋಜಮ್ಮ. "ಹಾಕ್ತಾಳೆ, ತೆಗೀತಾಳೆ, ಹಾಕ್ತಾಳೆ. ಬಿದ್ದಿದೆಯೋ ಇಲ್ಲವೋ ಅಂತ. ನನ್ನ ಚಿಲಕ ಸವೆದು ಹೋಗುತ್ತೆ ಕಣಮ್ಮಾ."

ಆಮೇಲೆ ಒಳಗೆ ನಿಧಾನವಾಗಿ ನೀರು ಸುರಿದುಕೊಳ್ಳುವ ಸದ್ದು. ಸರೋಜಮ್ಮ ಲೋಟ ತೊಳೆದಿಡಲಿಕ್ಕೆ ಎದ್ದರು. ಹುಲಿಗೆಮ್ಮ ಬಹಳ ಹೊತ್ತು ಬರಲಿಲ್ಲ. ಯಾರೂ ಬಾಗಿಲು ಬಡಿಯಲಿಲ್ಲ.